ಬ್ಲ್ಯಾಕ್ ಲೋಕಸ್ಟ್ ಮರದಲ್ಲಿ ಬಾಳಿಕೆಯ ಬಿಲ್ಲು: ಮರ ಸಿಗಿಯುವುದರಿಂದ ಮೊದಲ ನೂರು ಬಾಣದವರೆಗೆ

ನನ್ನ ಮೊದಲ ಬ್ಲ್ಯಾಕ್ ಲೋಕಸ್ಟ್ ಬಿಲ್ಲು ಮುರಿಯಲಿಲ್ಲ, ಸುಕ್ಕುಗಟ್ಟಿತು. ಸುಮಾರು 200 ಬಾಣ ಬಿಟ್ಟಿದ್ದೆ. ಒಂದು ಸಂಜೆ ಹೆದೆ ಇಳಿಸಿ, ಕಿಟಕಿ ಬೆಳಕಿಗೆ ಓರೆಯಾಗಿ ಹಿಡಿದಾಗ ಕಣ್ಣಿಗೆ ಬಿತ್ತು. ಹಿಡಿಯಿಂದ ಒಂದು ಗೇಣು ಕೆಳಗೆ, ಬಿಲ್ಲಿನ ಒಳಮೈ ಮೇಲೆ, ಅಡ್ಡಡ್ಡ ಎಳೆದ ಕೂದಲಿನಂಥ ಏಳೆಂಟು ಗೆರೆಗಳು. ಉಗುರು ಸವರಿದರೆ ಸಣ್ಣಗೆ ತಗುಲುತ್ತಿದ್ದವು. ಆರು ತಿಂಗಳು ಒಣಗಿಸಿ, ಮೂರು ವಾರ ಕೆತ್ತಿದ ಬಿಲ್ಲು ಅದು. ಆ ಜಾಗದಲ್ಲಿ ಮರದ ನಾರು ಒತ್ತಡ ತಾಳದೆ ಒಳಗೊಳಗೇ ಮಡಚಿಕೊಂಡಿತ್ತು.

ಬ್ಲ್ಯಾಕ್ ಲೋಕಸ್ಟ್ ಕಷ್ಟದ ಮರ ಅನ್ನುವುದು ಇದಕ್ಕೇ. ಬಿಲ್ಲನ್ನು ಎಳೆದಾಗ ಹೊರಮೈ ಹಿಗ್ಗುತ್ತದೆ, ಒಳಮೈ ಕುಗ್ಗುತ್ತದೆ. ಬಿಲ್ಲು ಮಾಡುವವರು ಹೊರಮೈಯನ್ನು ಬೆನ್ನು ಅಂತಲೂ, ಬಿಡುವವರ ಕಡೆಗಿರುವ ಒಳಮೈಯನ್ನು ಹೊಟ್ಟೆ ಅಂತಲೂ ಕರೆಯುತ್ತಾರೆ. ಈ ಮರದ ನಾರನ್ನು ಎಷ್ಟು ಹಿಗ್ಗಿಸಿದರೂ ಜಗ್ಗುವುದಿಲ್ಲ. ಕುಗ್ಗಿಸಿದರೆ ಮಾತ್ರ ಅಷ್ಟು ತಾಳುವುದಿಲ್ಲ. ಹಳೇ ಚರ್ಮದ ಚಪ್ಪಲಿಯನ್ನು ಬಾಗಿಸಿದಾಗ ಒಳಬದಿಗೆ ಸುಕ್ಕು ಬೀಳುತ್ತದಲ್ವಾ, ಹಾಗೇ. ಬೆನ್ನು ಬಲಶಾಲಿ, ಹೊಟ್ಟೆ ಸೂಕ್ಷ್ಮ. ಇದೊಂದನ್ನು ತಲೆಯಲ್ಲಿಟ್ಟುಕೊಂಡರೆ ಮುಂದಿನ ಪ್ರತಿ ಹೆಜ್ಜೆ ಯಾಕೆ ಹಾಗೆ ಅಂತ ತಾನಾಗೇ ತಿಳಿಯುತ್ತದೆ. ಅಗಲವಾದ ತೋಳು (ಹಿಡಿಯ ಎರಡೂ ಕಡೆ ಬಾಗುವ ಭಾಗ), ಚಪ್ಪಟೆ ಹೊಟ್ಟೆ, ತುಸು ಕಿರಿದಾದ ಬೆನ್ನು, ಒಂದೇ ಸಮನಾದ ಬಾಗು, ಕೊನೆಗೆ ಹೊಟ್ಟೆಗೆ ಬಿಸಿ. ಎಲ್ಲವೂ ಹೊಟ್ಟೆಯ ಹೊರೆ ಇಳಿಸುವುದಕ್ಕೇ.

ಹಾಗಿದ್ದರೆ ಈ ಮರದ ಸಹವಾಸ ಯಾಕೆ ಅಂತ ಕೇಳಬಹುದು. ಚೆನ್ನಾಗಿ ಮಾಡಿದ ಲೋಕಸ್ಟ್ ಬಿಲ್ಲು ಚುರುಕಾಗಿರುತ್ತದೆ, ವರ್ಷಗಟ್ಟಲೆ ಬಾಳುತ್ತದೆ, ಹುಳ ಹಿಡಿಯುವುದಿಲ್ಲ, ಕೊಳೆಯುವುದಿಲ್ಲ. ಅಮೆರಿಕದ ಅಪಲೇಚಿಯನ್ ಬೆಟ್ಟಸಾಲು ಇದರ ತವರು. ಅಲ್ಲಿನ ಚೆರೋಕಿ ಜನ ಇದೇ ಮರದಲ್ಲಿ ಬಿಲ್ಲು ಮಾಡುತ್ತಿದ್ದರು. ರೈತರು ಬೇಲಿ ಗೂಟಕ್ಕೆ ಇದನ್ನೇ ಹುಡುಕುತ್ತಾರೆ, ಯಾಕಂದರೆ ಮಣ್ಣಲ್ಲಿ ಹೂತರೂ ದಶಕಗಟ್ಟಲೆ ನಿಲ್ಲುತ್ತದೆ. ಯುರೋಪಿಗೂ ಹೋಗಿ ನೆಲೆಯೂರಿದೆ. ಹಂಗೆರಿಯ ಕಾಡಿನಲ್ಲಿ ಹೆಚ್ಚುಕಡಿಮೆ ಕಾಲು ಭಾಗ ಇದೇ ಮರ. ನಮ್ಮೂರ ಕಡೆ ತೋಟದ ಬೇಲಿಗೆ, ಗೊಬ್ಬರದ ಸೊಪ್ಪಿಗೆ ನೆಡುವ ಗ್ಲಿರಿಸಿಡಿಯಾ ಇದರ ಹತ್ತಿರದ ನೆಂಟ. ನಾನಿರುವ ಪೆನ್ಸಿಲ್ವೇನಿಯಾದಲ್ಲಿ ಮೇ ತಿಂಗಳ ಕೊನೆಗೆ ಬಿಳಿ ಗೊಂಚಲು ಹೂ ಬಿಟ್ಟಾಗ ಮರ ಗುರುತು ಹಿಡಿಯುವುದು ಸುಲಭ. ದೂರದಿಂದ ನೋಡಿದರೆ ಹೊಂಗೆ ಹೂವಿನ ನೆನಪಾಗುತ್ತದೆ.

ಮರ ಗುರುತಿಸುವುದು, ಆರಿಸುವುದು

ತೊಗಟೆ ದಪ್ಪ, ಆಳವಾದ ಸೀಳುಗಳಿರುತ್ತವೆ, ಹಗ್ಗ ಹೆಣೆದ ಹಾಗೆ ಕಾಣುತ್ತದೆ. ಎಳೆಯ ಕೊಂಬೆಗಳ ಮೇಲೆ ಎಲೆಯ ಬುಡದಲ್ಲಿ ಜೋಡಿ ಮುಳ್ಳು. ಕಾಂಡದ ಮೇಲೇ ಕವಲೊಡೆದ ಉದ್ದುದ್ದ ಮುಳ್ಳಿದ್ದರೆ ಅದು ಹನಿ ಲೋಕಸ್ಟ್, ಬೇರೆ ಮರ. ಕಡಿದ ಮೇಲೆ ಅನುಮಾನ ಬಂದರೆ ಒಂದು ನೇರಳಾತೀತ ಟಾರ್ಚ್ ತನ್ನಿ. ಬ್ಲ್ಯಾಕ್ ಲೋಕಸ್ಟ್‌ನ ಚೇಗು, ಅಂದರೆ ಒಳಗಿನ ಗಟ್ಟಿ ಮರ, ಆ ಬೆಳಕಿಗೆ ಹಳದಿ ಹಸಿರಾಗಿ ಜೋರಾಗಿ ಹೊಳೆಯುತ್ತದೆ. ಮಕ್ಕಳಿಗೆ ತೋರಿಸಿದರೆ ಬೆರಗಾಗಿಬಿಡುತ್ತಾರೆ.

ಬಿಲ್ಲಿಗೆ ಬೇಕಾದದ್ದು ಆರು ಅಡಿಗಿಂತ ತುಸು ಜಾಸ್ತಿ ಉದ್ದದ ನೇರ ಕಾಂಡ. ನಡುವೆ ಕೊಂಬೆ ಇರಬಾರದು. ದಪ್ಪ 8ರಿಂದ 12 ಇಂಚು ಇದ್ದರೆ ಒಳ್ಳೆಯದು. ತೊಗಟೆಯ ಸೀಳುಗಳು ನೆಟ್ಟಗೆ ಮೇಲಕ್ಕೆ ಹೋಗುತ್ತಿವೆಯಾ ನೋಡಿ. ಅವು ಕಾಂಡವನ್ನು ಸುತ್ತಿಕೊಂಡು ಏರಿದ್ದರೆ ಒಳಗಿನ ನಾರೂ ತಿರುಚಿಕೊಂಡಿರುತ್ತದೆ. ಅಂಥ ಮರ ಸಿಗಿದರೆ ವಿಮಾನದ ಪಂಖದಂಥ ಸೀಳು ಸಿಗುತ್ತದೆ.

ಇನ್ನೊಂದು ಮುಖ್ಯ ವಿಷಯ ಕೊರಕ ಹುಳು. ಒಣಗಿದ ಲೋಕಸ್ಟ್ ಹುಳಕ್ಕೆ ಬಗ್ಗುವುದಿಲ್ಲ ನಿಜ, ಆದರೆ ನಿಂತ ಮರವನ್ನು ಲೋಕಸ್ಟ್ ಬೋರರ್ ಅನ್ನುವ ದುಂಬಿಯ ಮರಿ ಕೊರೆಯುತ್ತದೆ. ಕಾಂಡದ ಮೇಲೆ ಊದಿದ ಗಾಯ, ತೂತು ಕಂಡರೆ ಆ ಮರ ಬಿಡಿ. ಪೆನ್ಸಿಲ್ ತೂರುವಷ್ಟು ದೊಡ್ಡ ಸುರಂಗ ಬಿಲ್ಲಿನ ತೋಳಿನಲ್ಲಿ ಸಿಕ್ಕರೆ ಕೆಲಸ ಅಲ್ಲಿಗೆ ಮುಗಿಯಿತು.

ಕಡಿದ ತುದಿಯಲ್ಲಿ ಉಂಗುರಗಳನ್ನು ನೋಡಿ. ಪ್ರತಿ ವರ್ಷದ ಬೆಳವಣಿಗೆಯಲ್ಲಿ ಎರಡು ಪದರ. ವಸಂತದಲ್ಲಿ ಬೆಳೆದದ್ದು ತೂತುತೂತಾದ ತೆಳು ಗೆರೆ. ಬೇಸಿಗೆಯಲ್ಲಿ ಬೆಳೆದದ್ದು ಗಟ್ಟಿಯಾದ, ನುಣುಪಾದ ದಪ್ಪ ಪದರ. ಗಟ್ಟಿ ಪದರ ದಪ್ಪಗಿದ್ದು, ತೂತಿನ ಗೆರೆ ಸಣ್ಣದಿದ್ದಷ್ಟೂ ಬಿಲ್ಲಿಗೆ ಒಳ್ಳೆಯದು. ಗಟ್ಟಿ ಪದರ 3 ಮಿಲಿಮೀಟರ್ ಆದರೂ ಇರುವ ಮರ ಹುಡುಕಿ. ಮೊದಲ ಬಿಲ್ಲಿಗಂತೂ ಅದಕ್ಕಿಂತ ತೆಳು ಉಂಗುರ ಬೇಡ, ತಾಳ್ಮೆ ಪೂರ್ತಿ ಖಾಲಿಯಾಗುತ್ತದೆ.

ಒಣಗಿದ ಮೇಲೂ ಇದರ ತೂಕ ಘನ ಮೀಟರಿಗೆ ಸುಮಾರು 770 ಕೆಜಿ. ತೇಗ ಸುಮಾರು 650 ಕೆಜಿ. ತೇಗದಲ್ಲಿ ಕೈ ಆಡಿಸಿದವರಿಗೆ ಇಷ್ಟು ಹೇಳಿದರೆ ಸಾಕು, ಅರ ಎಷ್ಟು ಬೇಗ ಮೊಂಡಾಗುತ್ತದೆ ಅಂತ ಅಂದಾಜು ಸಿಗುತ್ತದೆ.

ಸಿಗಿಯುವುದು, ಒಣಗಿಸುವುದು

ಚಳಿಗಾಲದಲ್ಲಿ ಕಡಿಯಿರಿ. ತುಂಡು 74 ಇಂಚಾದರೂ ಇರಲಿ. ಎರಡೂ ತುದಿಗೆ ಅದೇ ದಿನ, ಸಾಧ್ಯವಾದರೆ ಅದೇ ಗಂಟೆಯಲ್ಲಿ, ಮರ ಅಂಟಿಸುವ ಗೋಂದನ್ನು ದಪ್ಪಗೆ ಬಳಿಯಿರಿ. ತುದಿಯಿಂದ ನೀರು ಬೇಗ ಹೋಗುತ್ತದೆ, ನಡುವಿನಿಂದ ನಿಧಾನ. ಈ ಅಸಮಾನತೆಯೇ ಬಿರುಕು ಬಿಡಿಸುವುದು.

ಗರಗಸದಿಂದ ಉದ್ದಕ್ಕೆ ಕೊಯ್ಯಬೇಡಿ. ಗರಗಸ ನಾರಿನ ದಾರಿ ಕೇಳುವುದಿಲ್ಲ, ಬೆಣೆ ಕೇಳುತ್ತದೆ. ಒಂದು ತುದಿಯ ಮಧ್ಯಕ್ಕೆ ಉಕ್ಕಿನ ಬೆಣೆ ಇಟ್ಟು ಸಮ್ಮಟಿಗೆಯಿಂದ ಹೊಡೆಯಿರಿ. ಬಿರುಕು ಓಡಿದ ಕಡೆ ಎರಡನೇ ಬೆಣೆ, ಅದರ ಮುಂದೆ ಮೂರನೆಯದು. ನಡುನಡುವೆ ಎರಡು ಹೋಳನ್ನೂ ಹಿಡಿದುಕೊಂಡ ನಾರುಗಳು ಸಿಗುತ್ತವೆ, ಕೊಡಲಿಯಿಂದ ಕಡಿದುಕೊಳ್ಳಿ. ಅರ್ಧ ಮಾಡಿ, ಅರ್ಧವನ್ನು ಮತ್ತೆ ಅರ್ಧ. ಹಸಿ ಮರ ಸೀಳಿಕೊಂಡಾಗ ಒಂದು ವಾಸನೆ ಬರುತ್ತದೆ. ನನಗೆ ಅದು ಹಸಿ ಅವರೆಕಾಯಿ ಸುಲಿದ ಹಾಗೆ. ಅದೇ ಕುಟುಂಬದ ಗಿಡ ಅಲ್ವಾ.

ತೊಗಟೆಯನ್ನು ಕುದುರೆ, ಆಡು ಇರುವ ಕಡೆ ಬಿಸಾಡಬೇಡಿ. ತೊಗಟೆ, ಎಲೆ, ಬೀಜ ಮೂರೂ ವಿಷ, ಕುದುರೆಗಂತೂ ಬಹಳ ಕೆಟ್ಟದ್ದು. ಕೆತ್ತುವಾಗ, ಉಜ್ಜುವಾಗ ನೀವೂ ಒಳ್ಳೆಯ ಮಾಸ್ಕ್ ಹಾಕಿ. ಈ ಮರದ ಧೂಳು ಮೂಗು, ಗಂಟಲನ್ನು ಕೆರಳಿಸುತ್ತದೆ.

ಇಡೀ ಕಾಲುಭಾಗವನ್ನು ತೊಗಟೆ ಸಮೇತ ಒಣಗಲು ಬಿಟ್ಟರೆ ವರ್ಷಕ್ಕೂ ಜಾಸ್ತಿ ಬೇಕು. ನಾನು ಮಾಡುವುದು ಹೀಗೆ. ತೊಗಟೆ, ಅದರ ಕೆಳಗಿನ ತೆಳು ಬಿಳಿ ಭಾಗ ಎರಡನ್ನೂ ತೆಗೆದು ಚೇಗಿಗೆ ಬರುತ್ತೇನೆ. ಕೂಡಲೇ ಆ ಮೇಲ್ಮೈಗೆ ಎರಡು ಕೋಟ್ ಶೆಲಾಕ್ (ಅರಗಿನ ವಾರ್ನಿಷ್) ಅಥವಾ ಗೋಂದು ಬಳಿಯುತ್ತೇನೆ. ಇದನ್ನು ಮರೆತರೆ ಒಂದೇ ರಾತ್ರಿಯಲ್ಲಿ ಬೆನ್ನಿನ ಉದ್ದಕ್ಕೂ ಬಿರುಕು ಬಿಟ್ಟುಕೊಂಡಿರುತ್ತದೆ, ನನಗೆ ಆಗಿದೆ. ಹೊಟ್ಟೆ ಕಡೆ, ಪಕ್ಕ ಎಲ್ಲ ಒರಟಾಗಿ ಕೆತ್ತಿ, 2.5 ಇಂಚು ಅಗಲ, 2 ಇಂಚು ದಪ್ಪಕ್ಕೆ ತಂದು, ದಪ್ಪ ಹಲಗೆಗೆ ಕ್ಲಾಂಪ್ ಹಾಕಿ ಇಡುತ್ತೇನೆ. ಮೊದಲ ತಿಂಗಳು ತಣ್ಣಗಿನ ನೆಲಮಾಳಿಗೆ, ಆಮೇಲೆ ಮನೆಯೊಳಗೆ.

ಒಣಗಿದೆಯೋ ಇಲ್ಲವೋ ಅನ್ನುವುದಕ್ಕೆ ಅಡುಗೆಮನೆಯ ತಕ್ಕಡಿ ಸಾಕು. ವಾರಕ್ಕೊಮ್ಮೆ ತೂಗಿ ಮರದ ಮೇಲೇ ಬರೆಯಿರಿ. ಮೂರು ವಾರ ತೂಕ ಬದಲಾಗದಿದ್ದರೆ ಮರ ಆ ಕೋಣೆಯ ಗಾಳಿಗೆ ಹೊಂದಿಕೊಂಡಿದೆ ಅಂತ ಅರ್ಥ. ಕೋಣೆಯ ತೇವಾಂಶ 50% ಇದ್ದರೆ ಮರದಲ್ಲಿ ಸುಮಾರು 9% ನೀರು ಉಳಿಯುತ್ತದೆ. ಬಿಲ್ಲಿಗೆ ಅದೇ ಹದ. ಇದಕ್ಕಿಂತ ಹಸಿ ಇದ್ದರೆ ಹೊಟ್ಟೆ ಬೇಗ ಕುಗ್ಗಿ, ಬಿಲ್ಲು ಬಾಗಿದಲ್ಲೇ ನಿಂತುಬಿಡುತ್ತದೆ. ಈ ಮರದಲ್ಲಿ ಅವಸರ ಮಾಡಿದರೆ ಮೊದಲ ಏಟು ಬೀಳುವುದು ಹೊಟ್ಟೆಗೇ.

ಬೆನ್ನಿಗೆ ಒಂದೇ ಉಂಗುರ

ಇಡೀ ಕೆಲಸದಲ್ಲಿ ನನಗೆ ಅತ್ಯಂತ ಇಷ್ಟವಾದ ಭಾಗ ಇದು. ಬಿಲ್ಲಿನ ಬೆನ್ನು ಈ ತುದಿಯಿಂದ ಆ ತುದಿಯವರೆಗೆ ಒಂದೇ ವರ್ಷದ ಒಂದೇ ಪದರ ಆಗಿರಬೇಕು. ನಡುವೆ ಎಲ್ಲಾದರೂ ಪದರ ತುಂಡಾದರೆ ಅಲ್ಲಿಂದ ಸಿಬಿರೆದ್ದು ಬಿಲ್ಲು ಎರಡಾಗುತ್ತದೆ.

ಬೇಕಾದ ಉಂಗುರವನ್ನು ತುದಿಯಲ್ಲಿ ಪೆನ್ಸಿಲ್‌ನಿಂದ ಗುರುತು ಮಾಡಿ. ಎರಡು ಕೈಯಲ್ಲಿ ಹಿಡಿದು ತನ್ನ ಕಡೆ ಎಳೆಯುವ ಕತ್ತಿ ಇದೆಯಲ್ಲ, ಡ್ರಾನೈಫ್, ಅದು ಇಲ್ಲಿ ಬೇಕು. ತೀರಾ ಹರಿತ ಬೇಡ. ಹರಿತವಾದ ಕತ್ತಿ ಪದರದ ಒಳಗೆ ನುಗ್ಗುತ್ತದೆ, ತುಸು ಮೊಂಡಾದದ್ದು ಪದರದ ಮೇಲೆ ಜಾರುತ್ತದೆ. ಮೇಲಿನ ಉಂಗುರಗಳನ್ನು ಒಂದೊಂದಾಗಿ ತೆಗೆಯುತ್ತಾ ಬನ್ನಿ. ಗುರುತು ಮಾಡಿದ್ದಕ್ಕಿಂತ ಒಂದು ಉಂಗುರ ಮೇಲಿರುವಾಗ ನಿಧಾನ ಮಾಡಿ.

ಇನ್ನು ಕಿವಿ ಕೊಡಿ. ಗಟ್ಟಿ ಪದರದಲ್ಲಿ ಕತ್ತಿ ಹೋಗುವಾಗ ಸದ್ದು ನುಣ್ಣಗಿರುತ್ತದೆ, ಸಿಪ್ಪೆ ಉದ್ದಕ್ಕೆ ಸುರುಳಿಯಾಗಿ ಬರುತ್ತದೆ. ತೂತಿನ ಪದರ ಮುಟ್ಟಿದ ಕೂಡಲೇ ಸದ್ದು ಬದಲಾಗುತ್ತದೆ, ಹಪ್ಪಳ ಮುರಿದ ಹಾಗೆ ಚರಚರ. ಸಿಪ್ಪೆ ಪುಡಿಪುಡಿಯಾಗುತ್ತದೆ. ಬಣ್ಣವೂ ತುಸು ಬೇರೆ. ಆ ಪುಡಿಯಾಗುವ ಪದರವನ್ನು ಕತ್ತಿಯಿಂದ ತೆಗೆಯಲು ಹೋಗಬೇಡಿ. ಸ್ಕ್ರೇಪರ್, ಅಂದರೆ ಅಂಗೈ ಅಗಲದ ತೆಳು ಉಕ್ಕಿನ ತಗಡು, ಅದರಿಂದ ಕೆರೆಯಿರಿ. ಕೆಳಗೆ ನಿಮ್ಮ ಉಂಗುರ ಹೊಳೆಯುತ್ತಾ ಬರುತ್ತದೆ. ಒಂದೊಂದೇ ಗೇಣು ಮುಂದೆ ಹೋಗಿ.

ಗಂಟು ಸಿಕ್ಕಲ್ಲಿ ಪದರ ಗುಡ್ಡದ ಹಾಗೆ ಏರಿರುತ್ತದೆ. ಅದನ್ನು ಸಮ ಮಾಡುವ ಆಸೆ ಬರುತ್ತದೆ, ಮಾಡಬೇಡಿ. ಉಂಗುರ ಏರಿದರೆ ನೀವೂ ಏರಿ, ಇಳಿದರೆ ಇಳಿಯಿರಿ. ಗಂಟಿನ ಸುತ್ತ ಚಿಕ್ಕ ಸ್ಕ್ರೇಪರ್ ಅಥವಾ ಚಾಕುವಿನ ಬೆನ್ನಿನಿಂದ ಕೆರೆಯಿರಿ. ಸಂಜೆಯ ಓರೆ ಬೆಳಕಿನಲ್ಲಿ ಕೆಲಸ ಮಾಡಿದರೆ ತಪ್ಪು ಬೇಗ ಕಾಣುತ್ತದೆ. ಮೊದಲ ಸಲಕ್ಕೆ ಎರಡು ಪೂರ್ತಿ ದಿನ ಹಿಡಿಯಬಹುದು. ಕೆಲಸ ಮುಗಿದ ಮೇಲೆ ಬೆನ್ನಿಗೆ ಮತ್ತೆ ಒಂದು ಕೋಟ್ ಶೆಲಾಕ್.

ಅಳತೆ ಮತ್ತು ಆಕಾರ

ಇಲ್ಲಿ ಕೊಡುವ ಅಳತೆ 28 ಇಂಚು ಎಳೆತಕ್ಕೆ (ಹೆದೆಯನ್ನು ಎಳೆಯುವ ದೂರ), 40ರಿಂದ 45 ಪೌಂಡ್ ಬಲಕ್ಕೆ (ಅಷ್ಟು ಎಳೆಯಲು ಬೇಕಾದ ಶಕ್ತಿ). ಹಿಡಿ ಗಟ್ಟಿಯಾಗಿರುವ ಬಿಲ್ಲಿನ ಉದ್ದಕ್ಕೆ ಒಂದು ಲೆಕ್ಕ ಇದೆ: ಎಳೆತದ ಎರಡರಷ್ಟು, ಮೇಲೆ 10 ಇಂಚು. ಅಂದರೆ 66. ಲೋಕಸ್ಟ್‌ಗೆ ನಾನು ಇನ್ನೆರಡು ಇಂಚು ಸೇರಿಸಿ 68 ಮಾಡುತ್ತೇನೆ. ಉದ್ದ ಜಾಸ್ತಿಯಾದಷ್ಟೂ ಪ್ರತಿ ಇಂಚಿನ ಮೇಲೆ ಬಾಗುವ ಹೊರೆ ಕಡಿಮೆ.

ನಡುವೆ 4 ಇಂಚು ಹಿಡಿ. ಅದರ ಎರಡೂ ಕಡೆ 2 ಇಂಚಿನಲ್ಲಿ ಹಿಡಿಯ ದಪ್ಪ ತೋಳಿನ ದಪ್ಪಕ್ಕೆ ಇಳಿಯಬೇಕು. ಉಳಿದದ್ದು ಎರಡು ತೋಳು, ಒಂದೊಂದು 30 ಇಂಚು. ತೋಳಿನ ಅಗಲ ಮೊದಲ 15 ಇಂಚು ಪೂರ್ತಿ 2 ಇಂಚು. ಅಲ್ಲಿಂದ ತುದಿಗೆ ಹೋಗುತ್ತಾ ಕಿರಿದಾಗಿ, ಕೊನೆಗೆ ಅರ್ಧ ಇಂಚು. ಸದ್ಯಕ್ಕೆ ತುದಿಯನ್ನು ಮುಕ್ಕಾಲು ಇಂಚು ಬಿಡಿ. ಹೆದೆ ಒಂದು ಪಕ್ಕಕ್ಕೆ ವಾಲಿದರೆ ಸರಿ ಮಾಡಲು ಜಾಗ ಬೇಕು.

ಈ 2 ಇಂಚು ಅಗಲದ ಬಗ್ಗೆ ಸ್ವಲ್ಪ ಹೇಳಬೇಕು. ಮರದ ಬಿಗಿತ ಅಗಲದ ಜೊತೆ ನೇರವಾಗಿ ಏರುತ್ತದೆ, ದಪ್ಪದ ಜೊತೆ ಮೂರರ ಘಾತದಲ್ಲಿ ಏರುತ್ತದೆ. ಅಗಲ ಎರಡರಷ್ಟು ಮಾಡಿದರೆ ಅದೇ ಬಿಗಿತಕ್ಕೆ ದಪ್ಪ ಸುಮಾರು 20% ಕಡಿಮೆ ಸಾಕು. ತೆಳುವಾದ ತೋಳು ಅದೇ ಬಾಗಿಗೆ ಕಡಿಮೆ ಕುಗ್ಗುತ್ತದೆ. ಪುಸ್ತಕದ ರಟ್ಟು ಬಾಗಿಸಿದರೆ ಮಡಿಕೆ ಬೀಳುತ್ತದೆ, ಕಾಗದ ಬಾಗಿಸಿದರೆ ಬೀಳುವುದಿಲ್ಲ. ನನ್ನ ಮೊದಲ ಬಿಲ್ಲಿನ ತೋಳು ಒಂದೂಕಾಲು ಇಂಚು ಅಗಲ ಇತ್ತು. ನೋಡಲು ತುಂಬಾ ಚೆಂದ ಇತ್ತು.

ನಡುಗೆರೆಯನ್ನು ಸ್ಕೇಲ್ ಇಟ್ಟು ಎಳೆಯಬೇಡಿ. ಬೆನ್ನಿನ ಮೇಲೆ ನಾರು ಹೋಗುವ ದಾರಿ ಸಣ್ಣಗೆ ಕಾಣುತ್ತದೆ, ಅದನ್ನು ಪೆನ್ಸಿಲ್‌ನಲ್ಲಿ ಹಿಂಬಾಲಿಸಿ. ಲೋಕಸ್ಟ್ ಹಾವಿನ ಹಾಗೆ ಆ ಕಡೆ ಈ ಕಡೆ ಹೊರಳುವುದು ಮಾಮೂಲು. ಬಿಲ್ಲೂ ಹೊರಳಲಿ ಬಿಡಿ. ಹೆದೆ ಮಾತ್ರ ಎರಡು ತುದಿಗಳಿಂದ ಹೊರಟು ಹಿಡಿಯ ಮೇಲೆ ಹಾದುಹೋದರೆ ಸಾಕು.

ಮೊದಲು ಅಗಲ ಕತ್ತರಿಸಿ, ಆಮೇಲೆ ದಪ್ಪ. ಪಕ್ಕದ ಮೇಲೆ ಬೆನ್ನಿನಿಂದ ಒಂದೇ ಅಂತರದಲ್ಲಿ ಗೆರೆ ಎಳೆಯಿರಿ. ಬೆನ್ನು ಏರಿದಲ್ಲಿ ಗೆರೆಯೂ ಏರಬೇಕು. ಹಿಡಿಯ ಹತ್ತಿರ ಮುಕ್ಕಾಲು ಇಂಚು, ತುದಿಯ ಹತ್ತಿರ 5/8 ಇಂಚು. ಎರಡೂ ಪಕ್ಕದ ಗೆರೆಗಳಿಗೆ ಓರೆಯಾಗಿ ಕೆತ್ತಿದರೆ ನಡುವೆ ಮನೆಯ ಸೂರಿನಂಥ ಏಣು ಉಳಿಯುತ್ತದೆ, ಕೊನೆಗೆ ಆ ಏಣು ಇಳಿಸಿ. ಹೀಗೆ ಮಾಡಿದರೆ ಯಾವ ಪಕ್ಕವೂ ತಪ್ಪಿ ತೆಳುವಾಗುವುದಿಲ್ಲ. ಹೊಟ್ಟೆ ಚಪ್ಪಟೆಯಾಗಿರಲಿ. ಇಂಗ್ಲೆಂಡಿನ ಹಳೇ ಉದ್ದಬಿಲ್ಲಿನ ಹಾಗೆ ದುಂಡು ಹೊಟ್ಟೆ ಮಾಡಿದರೆ ಒತ್ತಡವೆಲ್ಲ ನಡುವಿನ ಒಂದು ಪಟ್ಟಿಯ ಮೇಲೆ ಬೀಳುತ್ತದೆ. ಯೂ ಮರ ಅದನ್ನು ತಾಳುತ್ತದೆ, ಇದು ತಾಳುವುದಿಲ್ಲ.

ಆಮೇಲೆ ಬೆನ್ನನ್ನು ಕಿರಿದು ಮಾಡಿ. ಅಂದರೆ ಎರಡೂ ಪಕ್ಕವನ್ನು ಓರೆಯಾಗಿ ಉಜ್ಜಿ, ಹೊಟ್ಟೆ 2 ಇಂಚು ಇದ್ದಲ್ಲಿ ಬೆನ್ನು ಒಂದೂಮುಕ್ಕಾಲು ಆಗಬೇಕು. ಉಂಗುರದ ಮೇಲ್ಮೈ ಮುಟ್ಟಬಾರದು, ಪಕ್ಕ ಮಾತ್ರ. ಬೆನ್ನಿನ ಬಲ ಇಲ್ಲಿ ಬೇಕಾದ್ದಕ್ಕಿಂತ ಜಾಸ್ತಿ ಇದೆ. ಅದನ್ನು ತುಸು ಕಡಿಮೆ ಮಾಡಿದರೆ ಹಿಗ್ಗುವ ಪಾಲು ಬೆನ್ನಿಗೆ ಹೆಚ್ಚು ಹೋಗಿ, ಕುಗ್ಗುವ ಪಾಲು ಹೊಟ್ಟೆಗೆ ಕಡಿಮೆಯಾಗುತ್ತದೆ. ಎಲ್ಲ ಅಂಚುಗಳನ್ನೂ ದುಂಡಗೆ ಮಾಡಿ. ಚೂಪಾದ ಅಂಚಿನಿಂದಲೇ ಸಿಬಿರು ಏಳುವುದು.

ಬಾಗು ತಿದ್ದುವುದು

ಬಿಲ್ಲಿನ ಆಯುಷ್ಯ ನಿರ್ಧಾರ ಆಗುವುದು ಇಲ್ಲಿ. ಒಂದು ತುದಿಯನ್ನು ನೆಲಕ್ಕೂರಿ, ಹಿಡಿ ಹಿಡಿದು ಒತ್ತಿ. ತೋಳು ಒಂದೆರಡು ಇಂಚು ಬಳುಕುವವರೆಗೆ ಒರಟು ಅರದಿಂದ ಹೊಟ್ಟೆಯನ್ನು ಇಳಿಸಿ. ಎರಡು ತೋಳೂ ಒಂದೇ ಥರ ಅನ್ನಿಸಿದ ಮೇಲೆ ತುದಿಗಳಲ್ಲಿ ಗುಂಡು ಅರದಿಂದ ಹೆದೆಗೆ ಕಚ್ಚು ಮಾಡಿ. ಪಕ್ಕದಲ್ಲಿ ಮಾತ್ರ, 45 ಡಿಗ್ರಿ ಓರೆಯಾಗಿ. ಬೆನ್ನಿನ ಉಂಗುರಕ್ಕೆ ಅರ ತಾಗಬಾರದು.

ಈಗ ಬಿಲ್ಲಿಗಿಂತ ಉದ್ದದ ಒಂದು ಸಡಿಲ ಹೆದೆ ಹಾಕಿ. ಗೋಡೆಗೆ ಒಂದು ಗೂಟ ಹೊಡೆದು ಅದರ ಮೇಲೆ ಹಿಡಿಯನ್ನು ಕೂರಿಸಿ, ಕೆಳಗೆ ಒಂದು ರಾಟೆ ಕಟ್ಟಿ ಹಗ್ಗ ಹಾಯಿಸಿದರೆ ದೂರ ನಿಂತು ಎಳೆಯುತ್ತಾ ನೋಡಬಹುದು. ನಡುವೆ ಸೂಟ್‌ಕೇಸ್ ತೂಗುವ ಕೈತಕ್ಕಡಿ ಸಿಕ್ಕಿಸಿ. ಗೋಡೆ ಮೇಲೆ ಚೌಕುಳಿ ಗೆರೆ ಎಳೆದುಕೊಂಡರೆ ಎರಡು ತೋಳಿನ ಹೋಲಿಕೆ ಸುಲಭ. ಫೋನ್ ಸ್ಟ್ಯಾಂಡಿಗೆ ಹಾಕಿ ವಿಡಿಯೋ ಮಾಡಿ. ಎಳೆದು ಹಿಡಿದುಕೊಂಡು ನೋಡುತ್ತಾ ನಿಲ್ಲಬೇಡಿ. ಆ ಒಂದೊಂದು ಸೆಕೆಂಡೂ ಹೊಟ್ಟೆ ಕುಗ್ಗುತ್ತಿರುತ್ತದೆ. ಎಳೆಯಿರಿ, ಬಿಡಿ, ವಿಡಿಯೋ ನೋಡಿ.

ಮೂರು ನಿಯಮ ನಾನು ಎಂದೂ ಮುರಿಯುವುದಿಲ್ಲ. ಬೇಕಾದ ಬಲಕ್ಕಿಂತ ಜಾಸ್ತಿ ಎಳೆಯುವುದಿಲ್ಲ. 40 ಪೌಂಡ್ ಬಿಲ್ಲಾದರೆ ತಕ್ಕಡಿ 40 ತೋರಿಸಿದಲ್ಲಿಗೆ ನಿಲ್ಲಿಸುತ್ತೇನೆ, ಅದು 12 ಇಂಚಾಗಲಿ, 20 ಆಗಲಿ. ಬಾಗಿನಲ್ಲಿ ತಪ್ಪು ಕಂಡರೆ ಅದನ್ನು ಸರಿ ಮಾಡುವವರೆಗೆ ಮುಂದೆ ಎಳೆಯುವುದಿಲ್ಲ. ಪ್ರತಿ ಸಲ ಕೆರೆದ ಮೇಲೆ ಅರ್ಧ ಎಳೆತದಲ್ಲಿ 30 ಸಲ ಆಡಿಸುತ್ತೇನೆ, ಯಾಕಂದರೆ ಕೆರೆದ ಪರಿಣಾಮ ಮರದಲ್ಲಿ ತಡವಾಗಿ ಕಾಣಿಸುತ್ತದೆ.

ಕೆರೆಯುವುದು ಎಲ್ಲಿ? ಬಾಗದೆ ಬಿಗಿಯಾಗಿರುವಲ್ಲಿ. ಜಾಸ್ತಿ ಬಾಗಿದ ಜಾಗವನ್ನು ಮುಟ್ಟಲೇಬೇಡಿ, ಅದರ ಎರಡೂ ಕಡೆ ಕೆರೆಯಿರಿ. ಗುರುತಿಗೆ ಒಂದು ಚಿಕ್ಕ ಉಪಾಯ ಇದೆ. ಆರಿಂಚಿನ ಒಂದು ನೇರ ಮರದ ತುಂಡಿನ ನಡುವೆ ತೂತು ಮಾಡಿ ಪೆನ್ಸಿಲ್ ತೂರಿಸಿ. ಹೆದೆ ಏರಿಸಿದ ಬಿಲ್ಲನ್ನು ಎಳೆಯದೆ, ಹೊಟ್ಟೆ ಮೇಲೆ ಈ ತುಂಡನ್ನು ಓಡಿಸಿ. ಅತಿ ಹೆಚ್ಚು ಬಾಗಿದ ಜಾಗಕ್ಕೆ ತಾಗುವ ಹಾಗೆ ಪೆನ್ಸಿಲ್ ಮೊನೆಯನ್ನು ಹೊಂದಿಸಬೇಡಿ, ಅಲ್ಲಿ ಕೂದಲೆಳೆಯಷ್ಟು ಮೇಲಿರಲಿ. ಆಗ ಬಾಗು ಕಡಿಮೆ ಇರುವ ಕಡೆಯಲ್ಲೆಲ್ಲ ಪೆನ್ಸಿಲ್ ಗೀಚುತ್ತದೆ. ಗೀಚಿದಲ್ಲಿ ಮಾತ್ರ ಕೆರೆಯಿರಿ.

ದಪ್ಪ 10% ಕಡಿಮೆಯಾದರೆ ಬಿಗಿತ ಸುಮಾರು 27% ಇಳಿಯುತ್ತದೆ. ಹಾಗಾಗಿ ಅರವನ್ನು ಬೇಗ ಕೆಳಗಿಟ್ಟು ಸ್ಕ್ರೇಪರ್ ಹಿಡಿಯಿರಿ. ಅರದ ಗೀರುಗಳೂ ಹೊಟ್ಟೆಯಲ್ಲಿ ಉಳಿಯಬಾರದು.

ಸಡಿಲ ಹೆದೆಯಲ್ಲಿ ತುದಿಗಳು ಆರಿಂಚು ಸಮನಾಗಿ ಬಾಗಿದ ಮೇಲೆ ಸರಿಯಾದ ಹೆದೆ ಏರಿಸಿ. ಮೊದಲು ಹೆದೆಗೂ ಹಿಡಿಗೂ 3 ಇಂಚು ಅಂತರ, ಎಲ್ಲ ಸರಿ ಬಂದ ಮೇಲೆ 6 ಇಂಚು. ಮುಷ್ಟಿ ಕಟ್ಟಿ ಹೆಬ್ಬೆರಳು ಎತ್ತಿದರೆ ಎಷ್ಟಾಗುತ್ತದೋ ಹೆಚ್ಚುಕಡಿಮೆ ಅಷ್ಟು. 40 ಪೌಂಡಿಗೆ 20 ಇಂಚು ಎಳೆತ ಬಂದಾಗ ನಿಲ್ಲಿಸಿ, ಹೆದೆ ಇಳಿಸಿ. ಮುಂದಿನ ಕೆಲಸ ಬಿಸಿಯದು.

ಹೊಟ್ಟೆಗೆ ಬಿಸಿ

ಒಣ ಬಿಸಿ ಕೊಟ್ಟರೆ ಮರದ ಹೊಟ್ಟೆ ಗಟ್ಟಿಯಾಗುತ್ತದೆ, ಒತ್ತಡ ತಾಳುವ ಶಕ್ತಿ ಏರುತ್ತದೆ. ಲೋಕಸ್ಟ್‌ಗೆ ಇದರಷ್ಟು ಉಪಕಾರ ಮಾಡುವ ಕೆಲಸ ಇನ್ನೊಂದಿಲ್ಲ. ನನ್ನ ಎರಡನೇ ಬಿಲ್ಲು ಉಳಿದದ್ದೇ ಇದರಿಂದ.

ಒಂದು ದಪ್ಪ ಹಲಗೆಯ ಅಂಚನ್ನು ಹಿಮ್ಮುಖವಾಗಿ ಬಾಗಿದ ಆಕಾರಕ್ಕೆ ಕತ್ತರಿಸಿ. ತುದಿಗಳು ಹೆದೆಯ ವಿರುದ್ಧ ದಿಕ್ಕಿಗೆ ಒಂದೂವರೆ ಇಂಚು ಏಳುವಷ್ಟು ಸಾಕು. ಬಿಲ್ಲಿನ ಬೆನ್ನನ್ನು ಅದರ ಮೇಲಿಟ್ಟು, ಹೊಟ್ಟೆ ಮೇಲೆ ಬರುವ ಹಾಗೆ ಕ್ಲಾಂಪ್ ಹಾಕಿ. ಹೊಟ್ಟೆ ಮೇಲಿನ ಶೆಲಾಕ್, ಎಣ್ಣೆ ಪೂರ್ತಿ ತೆಗೆದಿರಬೇಕು. ಬಿಸಿ ಗಾಳಿ ಊದುವ ಹೀಟ್ ಗನ್ನನ್ನು ಮೂರು ನಾಲ್ಕು ಇಂಚು ಮೇಲೆ ಹಿಡಿದು, ಒಂದು ಸಲಕ್ಕೆ ಅಂಗೈ ಅಗಲದಷ್ಟು ಜಾಗ. ಬಣ್ಣ ನಿಧಾನವಾಗಿ ಜೇನಿನಿಂದ ಬೆಲ್ಲಕ್ಕೆ, ಬೆಲ್ಲದಿಂದ ಹದವಾಗಿ ಹುರಿದ ಕಾಫಿ ಬೀಜಕ್ಕೆ ತಿರುಗುತ್ತದೆ. ಅಲ್ಲಿಗೆ ಸಾಕು. ಕಪ್ಪಾದರೆ ಸುಟ್ಟಿತು ಅಂತ. ಬೆನ್ನನ್ನು ಆಗಾಗ ಮುಟ್ಟಿ ನೋಡಿ. ಬೆಚ್ಚಗಾದರೆ ಪರವಾಗಿಲ್ಲ, ಕೈ ಸುಡುವಷ್ಟಾದರೆ ಗನ್ ದೂರ ಹಿಡಿಯಿರಿ. ಬಿಸಿ ತಗುಲಿದ ಬೆನ್ನು ಪೆಡಸಾಗುತ್ತದೆ. ಒಂದು ತೋಳಿಗೆ ಮುಕ್ಕಾಲು ಗಂಟೆಯಾದರೂ ಬೇಕು. ಹಿಡಿಯ ಹತ್ತಿರ ಮತ್ತು ತೋಳಿನ ಮಧ್ಯದಲ್ಲಿ ಜಾಸ್ತಿ ಹೊತ್ತು, ತುದಿಯ ಕಡೆ ಕಡಿಮೆ.

ರಾತ್ರಿಯಿಡೀ ಹಾಗೇ ಕ್ಲಾಂಪಿನಲ್ಲಿ ಆರಲು ಬಿಡಿ. ಆಮೇಲೆ ಒಂದು ವಾರ ಮುಟ್ಟಬೇಡಿ. ಬಿಸಿಗೆ ಒಳಗಿನ ನೀರು ಹೋಗಿರುತ್ತದೆ. ಅದು ಗಾಳಿಯಿಂದ ವಾಪಸ್ ಬರುವ ಮೊದಲೇ ಎಳೆದರೆ ಬಿಲ್ಲು ಕಡ್ಡಿ ಮುರಿದ ಹಾಗೆ ಮುರಿಯುತ್ತದೆ. ಇಲ್ಲೂ ತಕ್ಕಡಿಯೇ ದಾರಿ: ಬಿಸಿ ಕೊಡುವ ಮೊದಲಿನ ತೂಕದ ಹತ್ತಿರಕ್ಕೆ ಬಂದು ನಿಂತ ಮೇಲೆ ಎಳೆಯಿರಿ.

ಬಿಸಿ ಆದ ಮೇಲೆ ಬಿಲ್ಲಿನ ಬಲ ಏರಿರುತ್ತದೆ. ಮತ್ತೆ ಸಡಿಲ ಹೆದೆಯಿಂದ ಶುರು ಮಾಡಿ, ಅದೇ ನಿಯಮಗಳಲ್ಲಿ, 28 ಇಂಚಿನವರೆಗೆ ಬನ್ನಿ. 26ಕ್ಕೆ ಬಂದ ಮೇಲೆ ಸ್ಕ್ರೇಪರ್ ಕೂಡ ಬೇಡ, ಉಪ್ಪುಕಾಗದ ಸಾಕು. ಕೊನೆಯ ಎರಡು ಇಂಚನ್ನು ಬಾಣ ಬಿಡುತ್ತಾ ಗಳಿಸಿಕೊಳ್ಳುವುದು ಇನ್ನೂ ಒಳ್ಳೆಯದು.

ಈ ಹಂತದಲ್ಲಿ ಹೊಟ್ಟೆಯ ಮೇಲೆ ಸುಕ್ಕು ಗೆರೆ ಕಂಡರೆ? ತಕ್ಷಣ ನಿಲ್ಲಿಸಿ. ಗೆರೆ ಇರುವ ಜಾಗ ಜಾಸ್ತಿ ಬಾಗುತ್ತಿದೆ ಅಂತ ಅರ್ಥ. ಗೆರೆಯನ್ನು ಉಜ್ಜಿ ಅಳಿಸಲು ಹೋದರೆ ಅಲ್ಲಿ ಇನ್ನೂ ತೆಳುವಾಗಿ ಹೊಸ ಗೆರೆ ಬರುತ್ತದೆ. ಉಳಿದ ಜಾಗಗಳನ್ನು ಕೆರೆದು, ಬಾಗು ಹಂಚಿ, 5 ಪೌಂಡ್ ಬಲ ಬಿಟ್ಟುಕೊಡಿ. ಒಂದೆರಡು ಸಣ್ಣ ಗೆರೆಯ ಬಿಲ್ಲು ಹೀಗೆ ವರ್ಷಗಟ್ಟಲೆ ಕೆಲಸ ಮಾಡುತ್ತದೆ. ಒತ್ತೊತ್ತಾಗಿ ಎಂಟು ಹತ್ತು ಬಂದಿದ್ದರೆ ಆ ಬಿಲ್ಲನ್ನು ಎಳೆಯಬೇಡಿ.

ನುಣುಪು, ಎಣ್ಣೆ, ಹೆದೆ

80, 120, 220 ಹೀಗೆ ಉಪ್ಪುಕಾಗದ ಏರಿಸುತ್ತಾ ಹೋಗಿ. ಬೆನ್ನಿಗೆ ನಾರಿನ ಉದ್ದಕ್ಕೆ ಮಾತ್ರ, ಹಗುರ ಕೈ. ಕೊನೆಗೆ ಗಾಜಿನ ಬಾಟಲಿಯ ಕುತ್ತಿಗೆಯಿಂದ ಬೆನ್ನನ್ನು ಒತ್ತಿ ತಿಕ್ಕಿದರೆ ಕನ್ನಡಿಯ ಹಾಗೆ ಮಿನುಗುತ್ತದೆ. ಟಂಗ್ ಎಣ್ಣೆ ಅಥವಾ ಅಗಸೆ ಎಣ್ಣೆ ನಾಲ್ಕೈದು ಕೋಟ್, ಪ್ರತಿ ಕೋಟ್ ಪೂರ್ತಿ ಒಣಗಿದ ಮೇಲೆ ಮುಂದಿನದು. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಬಿಸಾಡಬೇಡಿ. ಅದು ತಾನಾಗೇ ಕಾದು ಬೆಂಕಿ ಹತ್ತಿಕೊಳ್ಳುತ್ತದೆ. ಹೊರಗೆ ಹರಡಿ ಒಣಗಿಸಿ, ಇಲ್ಲವೇ ನೀರಲ್ಲಿ ನೆನೆಸಿಡಿ. ಹಿಡಿಗೆ ಚರ್ಮ ಸುತ್ತಿ ಹೊಲಿಯಿರಿ.

ಹೆದೆಗೆ ಡೇಕ್ರಾನ್ ಅನ್ನುವ ಪಾಲಿಯೆಸ್ಟರ್ ದಾರ ಒಳ್ಳೆಯದು. ಹೊಸ ಕಾಲದ ಹಿಗ್ಗದ ದಾರಗಳು ಬಿಲ್ಲಿಗೆ ಸಿಡಿಲಿನಂಥ ಏಟು ಕೊಡುತ್ತವೆ, ಡೇಕ್ರಾನ್ ತುಸು ಹಿಗ್ಗಿ ಆ ಏಟನ್ನು ನುಂಗಿಕೊಳ್ಳುತ್ತದೆ. ಮೊದಲ 100 ಬಾಣ ಪೂರ್ತಿ ಎಳೆಯದೆ, 24 ಇಂಚಿನಲ್ಲಿ ಬಿಡಿ. ಪ್ರತಿ ಇಪ್ಪತ್ತಕ್ಕೊಮ್ಮೆ ಹೆದೆ ಇಳಿಸಿ ಹೊಟ್ಟೆ ನೋಡಿ. ಬಾಣ ಇಲ್ಲದೆ ಹೆದೆ ಎಳೆದು ಬಿಡಬೇಡಿ. ಮಕ್ಕಳು ಕೈಗೆತ್ತಿಕೊಂಡರೆ ಮೊದಲು ಮಾಡುವುದೇ ಅದು, ಹಾಗಾಗಿ ಹೆದೆ ಇಳಿಸಿಯೇ ಇಡಿ. ಹೆದೆ ಇಳಿಸಿದ ಕೂಡಲೇ ನೋಡಿದರೆ ಬಿಲ್ಲು ಒಂದು ಇಂಚು ಹೆದೆಯ ಕಡೆ ವಾಲಿರುತ್ತದೆ, ಗಾಬರಿ ಬೇಡ. ಒಂದೆರಡು ಗಂಟೆಯಲ್ಲಿ ಸ್ವಲ್ಪ ವಾಪಸ್ ಹೋಗುತ್ತದೆ.

ಗೋಡೆಗೆ ಅಡ್ಡವಾಗಿ, ಎರಡು ಗೂಟದ ಮೇಲೆ ಇಡಿ. ಮೂಲೆಗೆ ಒರಗಿಸಬೇಡಿ, ಬಿಸಿಲಿಗೆ ನಿಲ್ಲಿಸಿದ ಕಾರಿನಲ್ಲಿ ಬಿಡಲೇಬೇಡಿ. ಇಲ್ಲಿನ ಚಳಿಗಾಲದಲ್ಲಿ ಹೀಟರ್ ಹಾಕಿದ ಮನೆಯೊಳಗೆ ತೇವಾಂಶ 25%ಕ್ಕೆ ಇಳಿಯುತ್ತದೆ, ಮರ ಪೆಡಸಾಗುತ್ತದೆ. ಆ ತಿಂಗಳುಗಳಲ್ಲಿ ನಾನು ಬಿಲ್ಲನ್ನು ನೆಲಮಾಳಿಗೆಯಲ್ಲಿಡುತ್ತೇನೆ. ಇದನ್ನೇ ಮಳೆಗಾಲದಲ್ಲಿ ಮಂಗಳೂರಿಗೆ ಒಯ್ದರೆ ಉಲ್ಟಾ ತೊಂದರೆ, ನೀರು ಕುಡಿದು ಮೆತ್ತಗಾಗುತ್ತದೆ, ಬಲ ಇಳಿಯುತ್ತದೆ. ಎಣ್ಣೆಯ ಮೇಲೆ ಎರಡು ಕೋಟ್ ಮೇಣ ತಿಕ್ಕಿದ್ದರೆ ನಿಧಾನವಾಗುತ್ತದೆ ಅಷ್ಟೇ, ನಿಲ್ಲುವುದಿಲ್ಲ.

ನನ್ನ ಎರಡನೇ ಬಿಲ್ಲು 42 ಪೌಂಡ್, 68 ಇಂಚು, ನೆರೆಯವರ ಹಿತ್ತಲಲ್ಲಿ ಗಾಳಿಗೆ ಬಿದ್ದ ಮರದ್ದು. ಬೆನ್ನಿನ ಮೇಲೆ ಎರಡು ಗಂಟು, ಮೇಲಿನ ತೋಳು ಸ್ವಲ್ಪ ಎಡಕ್ಕೆ ಹೊರಳಿದೆ. ನಿನ್ನೆ ಸಂಜೆ ಹೆದೆ ಇಳಿಸಿ, ಅದೇ ಕಿಟಕಿಯ ಬೆಳಕಿಗೆ ಹಿಡಿದು, ಹೊಟ್ಟೆಯ ಮೇಲೆ ತುದಿಯಿಂದ ತುದಿಗೆ ಉಗುರು ಸವರಿದೆ. ಎಲ್ಲೂ ತಗುಲಲಿಲ್ಲ.